ರೂನ್‌ಸ್ಕೇಪ್‌ನ ಚಿನ್ನದ ಕಳ್ಳಸಂತೆ: 2008ರ ವಹಿವಾಟು ಮಿತಿ ಮತ್ತು ನಂತರ ನಡೆದದ್ದು

2008ರ ಜನವರಿ 2ರಂದು ರೂನ್‌ಸ್ಕೇಪ್ ಎಂಬ ಆನ್‌ಲೈನ್ ಆಟಕ್ಕೆ ಬಂದ ಅಪ್‌ಡೇಟ್ ಒಂದು, ಆಟಗಾರರು ಅದುವರೆಗೆ ಯೋಚಿಸದೆಯೇ ಮಾಡುತ್ತಿದ್ದ ಕೆಲಸವನ್ನು ನಿಲ್ಲಿಸಿಬಿಟ್ಟಿತು. ಗೆಳೆಯನಿಗೆ ಒಂದು ಕತ್ತಿ ಸುಮ್ಮನೆ ಕೊಡುವಂತಿಲ್ಲ. ಕೊಟ್ಟದ್ದಕ್ಕೂ ಪಡೆದದ್ದಕ್ಕೂ ಬೆಲೆಯಲ್ಲಿ 3,000 ನಾಣ್ಯಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ವಹಿವಾಟು ಮುಂದಕ್ಕೆ ಹೋಗುತ್ತಲೇ ಇರಲಿಲ್ಲ. ಲಕ್ಷ, ಕೋಟಿಗಳಲ್ಲಿ ವ್ಯವಹರಿಸುತ್ತಿದ್ದ ಆಟದಲ್ಲಿ 3,000 ಎಂದರೆ ಚಿಲ್ಲರೆ ಕಾಸು. ಆಟದ ಚಿನ್ನವನ್ನು ನಿಜವಾದ ದುಡ್ಡಿಗೆ ಮಾರುವವರನ್ನು ಹೊರಗಟ್ಟಲು ಒಂದು ಕಂಪನಿ ತೆಗೆದುಕೊಂಡ ಕ್ರಮಗಳಲ್ಲಿ ಇದರಷ್ಟು ಕಠಿಣವಾದದ್ದು ವಿರಳ. ಅದು ಉದ್ದೇಶಿಸಿದ ಕೆಲಸವನ್ನು ಮಾಡಿಯೂ ಮಾಡಿತು. ಮೂರು ವರ್ಷ ಒಂದು ತಿಂಗಳ ನಂತರ ಕಂಪನಿಯೇ ಅದನ್ನು ಕಿತ್ತುಹಾಕಿತು. ಈ ಎರಡೂ ಹೇಗಾಯಿತು, ಅದರ ಜಾಗಕ್ಕೆ ಏನು ಬಂತು ಎಂಬುದು ಇಲ್ಲಿನ ವಿಷಯ.

ಆಟದ ರಚನೆ ಮತ್ತು ಬಾಟ್‌ಗಳಿಗೆ ಸಿಕ್ಕ ಅನುಕೂಲ

ರೂನ್‌ಸ್ಕೇಪ್ 2001ರ ಜನವರಿಯಲ್ಲಿ ಶುರುವಾದದ್ದು. ಆಂಡ್ರ್ಯೂ ಗವರ್ ಬರೆದ ಆಟ. ನಡೆಸುವ ಜ್ಯಾಗೆಕ್ಸ್ ಕಂಪನಿ ಇಂಗ್ಲೆಂಡಿನ ಕೇಂಬ್ರಿಡ್ಜ್‌ನದು. ಬ್ರೌಸರ್‌ನಲ್ಲೇ ಜಾವಾ ಮೂಲಕ ಓಡುತ್ತಿತ್ತು, ಉಚಿತವಾಗಿ ಆಡಬಹುದಿತ್ತು, ತಿಂಗಳ ಚಂದಾ ಕಟ್ಟಿದರೆ ಇನ್ನಷ್ಟು ಜಾಗ, ಇನ್ನಷ್ಟು ಕೌಶಲಗಳು ಸಿಗುತ್ತಿದ್ದವು.

ಬ್ರೌಸರ್, ಉಚಿತ, ಜಾವಾ, ಈ ಮೂರೂ ಅಂಶಗಳು ಬಾಟ್ (ಮನುಷ್ಯನ ಬದಲು ತಾನಾಗಿಯೇ ಆಡುವ ತಂತ್ರಾಂಶ) ನಡೆಸುವವರಿಗೆ ವರವಾದವು. ಬ್ರೌಸರ್ ಆಟವಾದ್ದರಿಂದ ಒಂದೇ ಕಂಪ್ಯೂಟರ್‌ನಲ್ಲಿ ಹತ್ತಾರು ಖಾತೆಗಳನ್ನು ತೆರೆದಿಡಬಹುದು. ಉಚಿತವಾದ್ದರಿಂದ ಬ್ಯಾನ್ ಆದರೆ ನಷ್ಟ ಶೂನ್ಯ, ಇನ್ನೊಂದು ಖಾತೆ ಮಾಡಿಕೊಂಡರಾಯಿತು. ಜಾವಾ ಆದ್ದರಿಂದ ಕ್ಲೈಂಟ್‌ನ, ಅಂದರೆ ಆಟಗಾರನ ಯಂತ್ರದಲ್ಲಿ ಓಡುವ ಭಾಗದ, ಬೈಟ್‌ಕೋಡ್ (ಯಂತ್ರಕ್ಕೆಂದು ಪರಿವರ್ತಿಸಿದ ಕೋಡ್) ಬಿಚ್ಚಿ ಓದುವುದು ಸಿ ಭಾಷೆಯಲ್ಲಿ ಬರೆದ ಆಟಕ್ಕಿಂತ ಎಷ್ಟೋ ಸುಲಭ. ಜೊತೆಗೆ ಆಟದ ಸ್ವಭಾವವೇ ಹಾಗಿತ್ತು: ಮರ ಕಡಿ, ಮೀನು ಹಿಡಿ, ಅದಿರು ಅಗೆ, ಬ್ಯಾಂಕಿಗೆ ಹಾಕು, ಮತ್ತೆ ಬಾ. ಗಂಟೆಗಟ್ಟಲೆ ಒಂದೇ ಕೆಲಸ ಮಾಡುವವನನ್ನು ದೂರದಿಂದ ನೋಡಿ ಮನುಷ್ಯನೋ ಬಾಟೋ ಹೇಳುವುದು ಕಷ್ಟ.

ಇದಕ್ಕೆ ಆಟದೊಳಗೇ ಇದ್ದ ತಡೆ ಎಂದರೆ ದಿಢೀರ್ ಘಟನೆಗಳು. ಮರ ಕಡಿಯುತ್ತಿದ್ದಾಗ ಎಲ್ಲಿಂದಲೋ ಸ್ಯಾಂಡ್‌ವಿಚ್ ಮಾರುವ ಹೆಂಗಸು ಪ್ರತ್ಯಕ್ಷಳಾಗಿ ತಟ್ಟೆ ಹಿಡಿಯುತ್ತಾಳೆ. ಅವಳು ಹೆಸರಿಸಿದ ತಿಂಡಿಯನ್ನೇ ಆರಿಸಬೇಕು, ತಪ್ಪಿದರೆ ಪ್ರಜ್ಞೆ ತಪ್ಪಿಸಿ ಬೇರೆಡೆಗೆ ಎಸೆಯುತ್ತಾಳೆ. ಹೀಗೆಯೇ ಚಕ್ರವ್ಯೂಹ, ರಸಪ್ರಶ್ನೆ ಇತ್ಯಾದಿ. ಎಲ್ಲವೂ ಒಂದು ನಿಗದಿತ ಪಟ್ಟಿಯಿಂದ ಬರುತ್ತಿದ್ದವು. ನಿಗದಿತ ಪಟ್ಟಿಯ ಒಗಟುಗಳಿಗೆ ಒಂದೊಂದೇ ಉತ್ತರ ಬರೆದಿಟ್ಟರೆ ಮುಗಿಯಿತು. ಬಾಟ್ ಸ್ಕ್ರಿಪ್ಟ್‌ಗಳು ಪ್ರತಿಯೊಂದು ಘಟನೆಗೂ ಬಿಡಿಸುವ ಭಾಗವನ್ನು ಸೇರಿಸಿಕೊಂಡವು. ಕೊನೆಗೆ ಈ ಘಟನೆಗಳಿಗೆ ಸಿಕ್ಕಿ ಸಾಯುತ್ತಿದ್ದವರು ಅಡುಗೆಮನೆಗೆ ಎದ್ದು ಹೋಗಿದ್ದ ನಿಜವಾದ ಆಟಗಾರರೇ. ಉತ್ತರ ಬದಲಾಗದ ಪರೀಕ್ಷೆಯಿಂದ ಬಾಟ್ ಹಿಡಿಯಲಾಗದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಚಿನ್ನ ಕೈಸೇರುವ ಸರಪಳಿ

ಬಾಟ್ ಮತ್ತು ಹಣದ ವ್ಯಾಪಾರ ಎರಡನ್ನೂ ಒಂದೇ ರೋಗವೆಂದು ನೋಡುವವರು ಹೆಚ್ಚು. ಅದು ಸರಿಯಲ್ಲ. ತನ್ನದೇ ಖಾತೆಯ ಮಟ್ಟ ಏರಿಸಿಕೊಳ್ಳಲು ರಾತ್ರಿ ಬಾಟ್ ಓಡಿಸಿ ಮಲಗುವವನು ಒಬ್ಬ. ಇನ್ನೂರು ಖಾತೆ ಓಡಿಸಿ ಚಿನ್ನ ಮಾರುವವನು ಬೇರೊಬ್ಬ. ಮೊದಲನೆಯವನಿಗೆ ಖಾತೆಯೇ ಆಸ್ತಿ, ಬ್ಯಾನ್ ಎಂದರೆ ನಡುಗುತ್ತಾನೆ. ಎರಡನೆಯವನಿಗೆ ಖಾತೆ ಎಂದರೆ ಬಿಸಾಡುವ ಕಚ್ಚಾಮಾಲು. ಒಂದೇ ಮದ್ದು ಇಬ್ಬರಿಗೂ ನಾಟುವುದಿಲ್ಲ.

ಮಾರಾಟಗಾರನ ಕಡೆಯ ಸರಪಳಿ ಹೀಗಿರುತ್ತದೆ. ಮೊದಲು ಖಾತೆಗಳು ಬೇಕು, ಅವಕ್ಕೆ ಚಂದಾ ಬೇಕು. ಆ ಖಾತೆಗಳು ಬಾಟ್ ಮೂಲಕವೋ ಸಂಬಳದ ಕೂಲಿಯಾಳುಗಳ ಮೂಲಕವೋ ಚಿನ್ನ ದುಡಿಯುತ್ತವೆ. ದುಡಿದದ್ದನ್ನು ಆಗಾಗ 'ಮ್ಯೂಲ್' ಎನ್ನುವ ಸಾಗಣೆ ಖಾತೆಗೆ ದಾಟಿಸುತ್ತವೆ. ದುಡಿಯುವ ಖಾತೆ ಬ್ಯಾನ್ ಆದರೂ ಚಿನ್ನ ಉಳಿಯಲಿ ಎಂದು. ಮ್ಯೂಲ್‌ನಿಂದ ದಾಸ್ತಾನು ಖಾತೆಗೆ, ಅಲ್ಲಿಂದ ವೆಬ್‌ಸೈಟ್‌ನಲ್ಲಿ ದುಡ್ಡು ಕೊಟ್ಟ ಗಿರಾಕಿಯ ಪಾತ್ರಕ್ಕೆ. ಕದ್ದ ಪಾಸ್‌ವರ್ಡ್‌ನಿಂದ ಬರಿದು ಮಾಡಿದ ಖಾತೆಗಳ ಚಿನ್ನವೂ ಇದೇ ದಾಸ್ತಾನಿಗೆ ಬಂದು ಸೇರುತ್ತದೆ.

ಕಂಪನಿಗೆ ಹೆಚ್ಚು ಹೊಡೆತ ಕೊಟ್ಟದ್ದು ಸರಪಳಿಯ ಮೊದಲ ಕೊಂಡಿ. ದುಡಿಯುವ ಖಾತೆಗಳ ಚಂದಾವನ್ನು ಮಾರಾಟಗಾರರು ಕದ್ದ ಕ್ರೆಡಿಟ್ ಕಾರ್ಡ್‌ಗಳಿಂದ ಕಟ್ಟುತ್ತಿದ್ದರು. ಕಾರ್ಡಿನ ನಿಜವಾದ ಒಡೆಯ ಕೆಲವು ವಾರಗಳ ಬಳಿಕ ಸ್ಟೇಟ್‌ಮೆಂಟ್ ನೋಡಿ ಬ್ಯಾಂಕಿಗೆ ದೂರು ಕೊಡುತ್ತಾನೆ. ಬ್ಯಾಂಕು ಚಂದಾ ಹಣವನ್ನು ವಾಪಸ್ ಎಳೆದುಕೊಂಡು, ಮೇಲೆ ಚಾರ್ಜ್‌ಬ್ಯಾಕ್ ಶುಲ್ಕವನ್ನೂ ಹಾಕುತ್ತದೆ. ಕೆಲವೇ ಡಾಲರ್ ಚಂದಾ ಇರುವ ಆಟದಲ್ಲಿ ಆ ಶುಲ್ಕ ಚಂದಾಕ್ಕಿಂತ ದೊಡ್ಡದು. ಅಷ್ಟರೊಳಗೆ ಖಾತೆ ತನ್ನ ಕೆಲಸ ಮುಗಿಸಿ, ಚಿನ್ನ ದಾಟಿಸಿ ಆಗಿರುತ್ತದೆ. ಚಾರ್ಜ್‌ಬ್ಯಾಕ್ ಪ್ರಮಾಣ ಏರುತ್ತಾ ಹೋದ ವ್ಯಾಪಾರಿಯನ್ನು ಕಾರ್ಡ್ ಸಂಸ್ಥೆಗಳು ಅಪಾಯದ ಪಟ್ಟಿಗೆ ಹಾಕುತ್ತವೆ, ಕೊನೆಗೆ ಪಾವತಿ ಸೌಲಭ್ಯವನ್ನೇ ಹಿಂತೆಗೆಯಬಹುದು. ಚಂದಾ ಮೇಲೆ ನಿಂತ ಕಂಪನಿಗೆ ಕಾರ್ಡ್ ಪಾವತಿ ನಿಂತರೆ ಬಾಗಿಲು ಮುಚ್ಚಿದಂತೆಯೇ. ಜ್ಯಾಗೆಕ್ಸ್ ತನ್ನ ಕಠಿಣ ಕ್ರಮಕ್ಕೆ ಕೊಟ್ಟ ಕಾರಣಗಳಲ್ಲಿ ಕಾರ್ಡ್ ವಂಚನೆಯೇ ಮುಖ್ಯವಾದದ್ದು. ಆಟದ ನ್ಯಾಯ, ಹಣದುಬ್ಬರ ಇವೆಲ್ಲ ಇದ್ದವು, ಆದರೆ ಅವಸರ ಹುಟ್ಟಿಸಿದ್ದು ಬ್ಯಾಂಕು.

ಐದಾರು ವಾರದಲ್ಲಿ ಮೂರು ಹೆಜ್ಜೆ

ಬಾಟ್ ಹಿಡಿಯುವುದರಲ್ಲಿ ಗೆಲುವಿಲ್ಲವೆಂದು ಕಂಡಾಗ ಕಂಪನಿ ಸರಪಳಿಯ ಕೊನೆಯ ಕೊಂಡಿಗೆ ಕೈ ಹಾಕಿತು. ಚಿನ್ನವನ್ನು ಎಷ್ಟು ಬೇಕಾದರೂ ದುಡಿ, ಗಿರಾಕಿಗೆ ತಲುಪಿಸಲು ಆಗದಿದ್ದರೆ ಯಾರು ಕೊಳ್ಳುತ್ತಾರೆ? ಹೇಳಲು ಸರಳ. ಮಾಡಲು ಹೊರಟರೆ ಮೊದಲ ಪ್ರಶ್ನೆಯೇ ಕಗ್ಗಂಟು: ಒಂದು ವಹಿವಾಟು ಏಕಪಕ್ಷೀಯವೋ ಅಲ್ಲವೋ ಎಂದು ಸರ್ವರ್‌ಗೆ ಹೇಗೆ ಗೊತ್ತಾಗಬೇಕು? ಸಾವಿರಾರು ಬಗೆಯ ವಸ್ತುಗಳು, ಒಂದಕ್ಕೂ ಅಧಿಕೃತ ಬೆಲೆಯಿಲ್ಲ, ಎಲ್ಲವೂ ಆಟಗಾರರ ಬಾಯಿಮಾತಿನ ದರ.

ಆದ್ದರಿಂದ ಮೊದಲ ಹೆಜ್ಜೆ 2007ರ ನವೆಂಬರ್ 26ರಂದು ಬಂದ ಗ್ರ್ಯಾಂಡ್ ಎಕ್ಸ್‌ಚೇಂಜ್. ಮಾರುವವನು, ಕೊಳ್ಳುವವನು ಪರಸ್ಪರ ಯಾರೆಂದು ತಿಳಿಯದೆ ಆಟದ ಮೂಲಕವೇ ವ್ಯಾಪಾರ ಮಾಡುವ ಕೇಂದ್ರ ಮಾರುಕಟ್ಟೆ ಅದು. ಆಟಗಾರರಿಗೆ ಅನುಕೂಲ; ಕಂಪನಿಗೆ ಅದಕ್ಕಿಂತ ದೊಡ್ಡ ಲಾಭವೆಂದರೆ ಪ್ರತಿ ವಸ್ತುವಿಗೂ ಒಂದು ಮಾರ್ಗಸೂಚಿ ಬೆಲೆ ಸಿಕ್ಕಿತು. ಆ ಬೆಲೆಯ ಮೇಲೆ ಕೆಳಗೆ ಶೇಕಡಾ 5ರೊಳಗೆ ಮಾತ್ರ ಬಿಡ್ ಹಾಕಬಹುದಿತ್ತು. ಇಲ್ಲದಿದ್ದರೆ ಹತ್ತು ನಾಣ್ಯದ ಬಿಲ್ಲನ್ನು ಕೋಟಿಗೆ 'ಮಾರಿ' ಚಿನ್ನ ದಾಟಿಸುವ ದಾರಿ ತೆರೆದೇ ಇರುತ್ತಿತ್ತು.

ಎರಡನೆಯದು ಡಿಸೆಂಬರ್ 10ರದು, ಆಟಗಾರರಿಗೆ ಹೆಚ್ಚು ನೋವು ಕೊಟ್ಟದ್ದು. ವೈಲ್ಡರ್‌ನೆಸ್ ಎಂಬ ಬಯಲಿನಲ್ಲಿ ಯಾರು ಯಾರನ್ನು ಬೇಕಾದರೂ ಕೊಂದು ಬಿದ್ದ ಸಾಮಾನನ್ನು ದೋಚಬಹುದಿತ್ತು. ಅಲ್ಲಿ ಮಾರಾಟಗಾರನ ಪಾತ್ರ ಚಿನ್ನ ಹೊತ್ತು ಬಂದು ಗಿರಾಕಿಯ ಕೈಯಲ್ಲಿ 'ಸತ್ತರೆ' ವಿಲೇವಾರಿ ಮುಗಿಯಿತು. ವಹಿವಾಟಿನ ಕಿಟಕಿ ಮುಚ್ಚಿ ಈ ಬಾಗಿಲು ತೆರೆದಿಟ್ಟರೆ ಪ್ರಯೋಜನವಿಲ್ಲ. ಹಾಗಾಗಿ ಮುಕ್ತ ಕಾದಾಟವನ್ನೇ ತೆಗೆದು, ಅದರ ಬದಲು ಬೌಂಟಿ ಹಂಟರ್ ಎಂಬ ಪ್ರತ್ಯೇಕ ಅಖಾಡ ಕೊಟ್ಟರು. ಅಲ್ಲಿ ನಿಮ್ಮ ಗುರಿ ಯಾರೆಂದು ಆಟವೇ ನಿರ್ಧರಿಸುತ್ತಿತ್ತು. ಎದುರಾಳಿಯನ್ನು ಆರಿಸುವ ಹಕ್ಕು ಹೋದ ಕೂಡಲೇ ಸಾವಿನ ಮೂಲಕ ಚಿನ್ನ ದಾಟಿಸುವುದು ಜೂಜಾಟವಾಯಿತು. ವೈಲ್ಡರ್‌ನೆಸ್‌ನ ಬಯಲಿನಲ್ಲಿ ಮನುಷ್ಯರ ಬದಲು ರೆವೆನಂಟ್ ಎಂಬ ಭೂತಗಳು ಅಲೆದಾಡಿದವು.

ಮೂರನೆಯದೇ ಜನವರಿ 2ರ ಮಿತಿ. ಈ ಕ್ರಮಗಳ ಸರಣಿಯಲ್ಲಿ ನೇರ ವಹಿವಾಟಿನ ಜೊತೆಗೆ ಡ್ಯುಯೆಲ್ ಅರೀನಾದಲ್ಲಿ (ಇಬ್ಬರು ಆಟಗಾರರು ಪಣವಿಟ್ಟು ಕಾದಾಡುವ ಅಖಾಡ) ಕಟ್ಟುವ ಪಣಕ್ಕೂ, ನೆಲಕ್ಕೆ ಬಿಟ್ಟದ್ದನ್ನು ಇನ್ನೊಬ್ಬ ಎತ್ತಿಕೊಳ್ಳುವುದಕ್ಕೂ ಕಡಿವಾಣ ಬಿತ್ತು. ಮುಂದೆ ಈ ಮಿತಿಯನ್ನು ಆಟಗಾರ ಮುಗಿಸಿದ ಕ್ವೆಸ್ಟ್‌ಗಳ (ಕಥೆಯಿರುವ ಸಾಹಸಕಾರ್ಯಗಳ) ಅಂಕಕ್ಕೆ ತಕ್ಕಂತೆ ಸಡಿಲಿಸಿದರು. ಕ್ವೆಸ್ಟ್ ಮಾಡಿಸುವ ಬಾಟ್ ಬರೆಯುವುದು ಮರ ಕಡಿಯುವ ಬಾಟ್ ಬರೆದಷ್ಟು ಸುಲಭವಲ್ಲ ಎಂಬ ಲೆಕ್ಕಾಚಾರ ಅದರ ಹಿಂದಿತ್ತು. ಈ ಸಣ್ಣ ಕಲ್ಪನೆ ವರ್ಷಗಳ ಮೇಲೆ ಮತ್ತೆ ಉಪಯೋಗಕ್ಕೆ ಬಂತು.

ಹೆಜ್ಜೆಗಳ ಕ್ರಮವನ್ನು ಗಮನಿಸಬೇಕು. ಬೆಲೆಪಟ್ಟಿ, ಅಡ್ಡದಾರಿ, ಹೆದ್ದಾರಿ. ಇದೇ ಕೆಲಸವನ್ನು ತಲೆಕೆಳಗಾಗಿ ಮಾಡಿದ್ದರೆ, ಅಂದರೆ ಮೊದಲು ವಹಿವಾಟಿನ ಮಿತಿ ತಂದಿದ್ದರೆ, ಮಾರಾಟಗಾರರು ವಾರದೊಳಗೆ ವೈಲ್ಡರ್‌ನೆಸ್‌ಗೆ ಅಂಗಡಿ ಬದಲಿಸುತ್ತಿದ್ದರು. ಚಿನ್ನ ಒಬ್ಬನಿಂದ ಇನ್ನೊಬ್ಬನಿಗೆ ಹೋಗಬಲ್ಲ ಎಲ್ಲ ದಾರಿಗಳನ್ನೂ ಪಟ್ಟಿ ಮಾಡದೆ ಇಂಥ ಕೆಲಸಕ್ಕೆ ಇಳಿಯಬಾರದು. ವ್ಯಾಪಾರ, ಉಡುಗೊರೆ, ನೆಲಕ್ಕೆ ಬಿಡುವುದು, ಸಾವು, ಪಣ, ಹರಾಜು, ಗಿಲ್ಡ್ (ಆಟಗಾರರ ಸಂಘ) ಖಜಾನೆ, ಅಂಚೆ, ಇಬ್ಬರೂ ಸೇರಿ ಕೊಂದ ರಾಕ್ಷಸನ ಲೂಟಿ ಹಂಚಿಕೆ, ಕೊನೆಗೆ ಖಾತೆಯನ್ನೇ ಮಾರುವುದು. ಒಂದು ಬಿಟ್ಟುಹೋದರೂ ಉಳಿದ ಒಂಬತ್ತರ ಶ್ರಮ ನೀರುಪಾಲು.

ಫಲ, ಮತ್ತು ಮುರಿದುಬಿದ್ದದ್ದು

ಚಿನ್ನದ ಅಂಗಡಿಗಳ ಮಟ್ಟಿಗೆ ಕ್ರಮ ಕೆಲಸ ಮಾಡಿತು. 3,000ದ ಕಂತುಗಳಲ್ಲಿ ಕೋಟಿ ತಲುಪಿಸಲು ಸಾಧ್ಯವಿಲ್ಲ. ಆದರೆ ಸ್ವಂತ ಮಟ್ಟ ಏರಿಸಿಕೊಳ್ಳುವ ಬಾಟ್‌ಗಳಿಗೆ ಏನೂ ಆಗಲಿಲ್ಲ. ಅವು ಯಾರಿಗೂ ಏನನ್ನೂ ದಾಟಿಸುವುದಿಲ್ಲವಲ್ಲ.

ಬೆಲೆ ತೆತ್ತವರು ಸಾಮಾನ್ಯ ಆಟಗಾರರು. ಅಣ್ಣ ತಮ್ಮನಿಗೆ ಹಳೆಯ ಕವಚ ಕೊಡುವಂತಿಲ್ಲ. ಹೊಸಬರಿಗೆ ಹಂಚುವ ಉದಾರಿಗಳು ಮಾಯ. ಒಬ್ಬರು ಅದಿರು ತಂದು ಇನ್ನೊಬ್ಬರಿಂದ ಕತ್ತಿ ಮಾಡಿಸಿಕೊಳ್ಳುವ ಒಡನಾಟ ಕಷ್ಟವಾಯಿತು. ಆ ಕೊರತೆ ತುಂಬಲು ಕಂಪನಿ ವಸ್ತುಗಳನ್ನು ಎರವಲು ಕೊಡುವ ವ್ಯವಸ್ಥೆ, ಲೂಟಿ ಹಂಚಿಕೆ ಇಂಥವನ್ನು ಕೊಟ್ಟಿತು. ಮನುಷ್ಯರ ನಡುವೆ ಸಹಜವಾಗಿ ಆಗುತ್ತಿದ್ದ ಪ್ರತಿಯೊಂದಕ್ಕೂ ಒಂದೊಂದು ಯಂತ್ರ ಕಟ್ಟಬೇಕಾಯಿತು.

ಬೆಲೆಪಟ್ಟಿಯಲ್ಲೇ ಇದ್ದ ದೋಷ ಇನ್ನೂ ಸ್ವಾರಸ್ಯಕರ. ಪಾರ್ಟಿ ಹ್ಯಾಟ್ ಎಂಬ ಕಾಗದದ ಟೋಪಿಗಳು 2001ರ ಕ್ರಿಸ್‌ಮಸ್‌ನಲ್ಲಿ ಒಮ್ಮೆ ಮಾತ್ರ ಹಂಚಿದ್ದವು, ಇರುವಷ್ಟೇ ಇವೆ. ಅವುಗಳ ನಿಜವಾದ ದರ ಮಾರ್ಗಸೂಚಿ ಬೆಲೆಯನ್ನು ದಾಟಿ ಓಡಿತು. ಶೇಕಡಾ 5ರ ಮಿತಿಯೊಳಗೆ ಮಾರಲು ಯಾರೂ ತಯಾರಿಲ್ಲ, ಮಾರಾಟವಾಗದಿದ್ದರೆ ಮಾರ್ಗಸೂಚಿ ಬೆಲೆ ಮೇಲೇಳುವುದೂ ಇಲ್ಲ. ಇನ್ನೊಂದು ತುದಿಯಲ್ಲಿ ಯಾರಿಗೂ ಬೇಡವಾದ ಸಾಮಾನುಗಳ ಬೆಲೆ ಪಟ್ಟಿಯಲ್ಲಿ ಮೇಲೆಯೇ ಅಂಟಿಕೊಂಡಿತ್ತು. ಆಟಗಾರರು ಎರಡನ್ನೂ ಹೊಂದಿಸಿದರು. ಟೋಪಿ ಕೊಳ್ಳುವವನು ಅದರ ನಿಜದ ಬೆಲೆಯನ್ನು ಚಿನ್ನದಲ್ಲಿ ಕೊಡುತ್ತಾನೆ, ಹೆಚ್ಚಾದ ಅಂತರವನ್ನು ಸರಿದೂಗಿಸಲು ಮಾರುವವನು ಟೋಪಿಯ ಜೊತೆ ಒಂದು ರಾಶಿ 'ಜಂಕ್' ಹಾಕುತ್ತಾನೆ. ಸರ್ವರ್‌ನ ಕಣ್ಣಿಗೆ ತಕ್ಕಡಿ ಸಮ. ಜಂಕ್‌ಗೆ ಹೀಗೆ ತಕ್ಕಡಿಯ ಕಲ್ಲಾಗಿ ಬೇಡಿಕೆ ಹುಟ್ಟಿತು. ಅಧಿಕೃತ ಬೆಲೆಗೂ ಸಂತೆಯ ಬೆಲೆಗೂ ಅಂತರ ಇರುವ ಪ್ರತಿಯೊಂದು ವಸ್ತುವೂ ಚಿನ್ನ ದಾಟಿಸುವ ಸೀಳು ಎಂಬುದು ಇದರಿಂದ ಸ್ಪಷ್ಟ. ಗುಂಪು ಕಟ್ಟಿಕೊಂಡು ಒಂದೇ ವಸ್ತುವನ್ನು ಖರೀದಿಸಿ ಮಾರ್ಗಸೂಚಿ ಬೆಲೆ ಏರಿಸಿ, ಹಿಂದೆ ಬಂದವರ ತಲೆಗೆ ಕಟ್ಟುವ ಆಟವೂ ಈ ಕಾಲದಲ್ಲೇ ಬೆಳೆಯಿತು.

ಮತದಾನ ಮತ್ತು ಮರಳಿದ ಬಾಟ್‌ಗಳು

2010ರ ಡಿಸೆಂಬರ್ ಕೊನೆಯಲ್ಲಿ ಕಂಪನಿ ಆಟಗಾರರ ಮುಂದೆ ಪ್ರಶ್ನೆ ಇಟ್ಟಿತು: ವೈಲ್ಡರ್‌ನೆಸ್ ಮತ್ತು ಮುಕ್ತ ವಹಿವಾಟು ಮರಳಿ ಬರಬೇಕೇ? ಸುಮಾರು 12 ಲಕ್ಷ ಮತ ಬಿದ್ದು ಶೇಕಡಾ 91 ಹೌದೆಂದಿತು. 2011ರ ಫೆಬ್ರವರಿ 1ರಂದು ಎರಡೂ ವಾಪಸ್ ಬಂದವು.

ಜೊತೆಗೇ ಚಿನ್ನದ ಅಂಗಡಿಗಳೂ ಬಂದವು, ಬಾಟ್‌ಗಳೂ ಬಂದವು. ಯೂ ಮರಗಳ ಸುತ್ತ, ಹಸಿರು ಡ್ರ್ಯಾಗನ್‌ಗಳ ಸುತ್ತ ಅರ್ಥವಿಲ್ಲದ ಅಕ್ಷರಗಳ ಹೆಸರಿನ ಪಾತ್ರಗಳು ಸಾಲುಗಟ್ಟಿ ನಿಂತವು. ಇದು ಊಹಿಸಬಹುದಾಗಿದ್ದ ಫಲವೇ. ಮೂರು ವರ್ಷದಲ್ಲಿ ವಿಲೇವಾರಿಯ ದಾರಿ ಮುಚ್ಚಿತ್ತು, ಬಾಟ್ ಬರೆಯುವ ವಿದ್ಯೆ ಮಾತ್ರ ಬೆಳೆಯುತ್ತಲೇ ಇತ್ತು.

ಆ ವಿದ್ಯೆ ಏನೆಂದು ಸ್ವಲ್ಪ ನೋಡಬೇಕು. ಹಳೆಯ ಬಾಟ್‌ಗಳು ಪರದೆಯ ಬಣ್ಣ ಓದಿ ಮೌಸ್ ಒತ್ತುತ್ತಿದ್ದವು. ಕ್ಯಾಮೆರಾ ತಿರುಗಿದರೆ, ಮಧ್ಯೆ ಯಾರಾದರೂ ಬಂದು ನಿಂತರೆ ತಬ್ಬಿಬ್ಬಾಗುತ್ತಿದ್ದವು. ಹೊಸ ಪೀಳಿಗೆಯವು ಆಟದ ಜಾವಾ ಕ್ಲೈಂಟನ್ನು ತಮ್ಮ ಹೊಟ್ಟೆಯೊಳಗೇ ಲೋಡ್ ಮಾಡಿಕೊಳ್ಳುತ್ತಿದ್ದವು. ಅಲ್ಲಿ ಎರಡು ಬಗೆ. ರಿಫ್ಲೆಕ್ಷನ್ ಎಂದರೆ ಓಡುತ್ತಿರುವ ಕ್ಲೈಂಟಿನ ಚರಗಳಲ್ಲಿ (ವೇರಿಯಬಲ್‌ಗಳಲ್ಲಿ) ಇರುವ ಮಾಹಿತಿಯನ್ನು ನೇರವಾಗಿ ಓದುವುದು: ಪಾತ್ರ ನಿಂತ ಜಾಗ, ಹತ್ತಿರದ ಮರದ ಗುರುತುಸಂಖ್ಯೆ, ಚೀಲದಲ್ಲಿರುವ ವಸ್ತುಗಳು. ಇಂಜೆಕ್ಷನ್ ಎಂದರೆ ಲೋಡ್ ಆಗುವ ಮೊದಲೇ ಬೈಟ್‌ಕೋಡ್ ತಿದ್ದಿ ಆ ಚರಗಳನ್ನು ಹೊರಗೆ ಕೊಡುವ ಕೋಡ್ ತುಣುಕುಗಳನ್ನು ತುರುಕುವುದು. ಕಂಪನಿ ಪ್ರತಿ ಅಪ್‌ಡೇಟ್‌ಗೂ ಚರಗಳ ಹೆಸರನ್ನು ಕಲಸಿಹಾಕುತ್ತಿತ್ತು. ಆದರೆ ಹೆಸರು ಬದಲಾದರೂ ಕೋಡಿನ ಆಕಾರ ಬದಲಾಗುವುದಿಲ್ಲ. ಆಕಾರ ನೋಡಿ 'ಇದೇ ಆಟಗಾರರ ಪಟ್ಟಿ, ಇದೇ ನಕ್ಷೆ' ಎಂದು ಕಂಡುಹಿಡಿಯುವ 'ಅಪ್‌ಡೇಟರ್' ಎಂಬ ಉಪಕರಣವನ್ನು ಬಾಟ್ ತಯಾರಕರು ಇಟ್ಟುಕೊಂಡಿದ್ದರು. ಅಪ್‌ಡೇಟ್ ಬಂದ ಬೆನ್ನಿಗೇ ಬಾಟ್ ಮತ್ತೆ ಎದ್ದು ಕೂರುತ್ತಿತ್ತು.

2011ರ ಅಕ್ಟೋಬರ್ 25ರಂದು ಕಂಪನಿ ಪೆಟ್ಟು ಹಾಕಿದ್ದು ಈ ಅಪ್‌ಡೇಟರ್‌ಗಳ ಬುಡಕ್ಕೆ. ಕ್ಲಸ್ಟರ್‌ಫ್ಲಟ್ಟರರ್ ಎಂದು ಹೆಸರಿಟ್ಟ ಬದಲಾವಣೆ ಕ್ಲೈಂಟಿನ ಒಳರಚನೆಯನ್ನೇ ಚೆದುರಿಸಿತು; ರಿಫ್ಲೆಕ್ಷನ್, ಇಂಜೆಕ್ಷನ್ ಎರಡೂ ಹಿಡಿದುಕೊಳ್ಳಲು ಕೊಕ್ಕೆ ಸಿಗದಂತಾಯಿತು. ಬಾಟ್ ಚಟುವಟಿಕೆಯ ಶೇಕಡಾ 98 ನಿಂತಿತೆಂದು ಕಂಪನಿ ಹೇಳಿಕೊಂಡಿತು. ಬಾಟ್‌ಗಳು ತಂದು ಸುರಿಯುತ್ತಿದ್ದ ಕಚ್ಚಾವಸ್ತುಗಳ ಬೆಲೆ ಮಾರುಕಟ್ಟೆಯಲ್ಲಿ ಮೇಲೆ ಹೋಯಿತು. ಬಾಟ್ ವಿರುದ್ಧದ ಕ್ರಮ ನಿಜಕ್ಕೂ ನಾಟಿದೆಯೇ ಎಂದು ತಿಳಿಯಲು ಬ್ಯಾನ್ ಸಂಖ್ಯೆಗಿಂತ ಇದು ಒಳ್ಳೆಯ ಅಳತೆ. ಬ್ಯಾನ್ ಮಾಡಿದ ಲಕ್ಷ ಖಾತೆಗಳು ಸಂಜೆಯೊಳಗೆ ಹೊಸ ಹೆಸರಲ್ಲಿ ವಾಪಸ್ ಬಂದಿರಬಹುದು. ಮರದ ತುಂಡಿನ ಬೆಲೆ ಸುಳ್ಳು ಹೇಳುವುದಿಲ್ಲ.

ಆದರೆ ಇಂಥ ಪೆಟ್ಟಿಗೆ ಆಯಸ್ಸು ಕಡಿಮೆ. ಆಟಗಾರನ ಯಂತ್ರದಲ್ಲಿ ಓಡುವ ಕೋಡನ್ನು ಎಷ್ಟು ಮುಚ್ಚಿಟ್ಟರೂ ಸಮಯ ಕೊಟ್ಟರೆ ಬಿಡಿಸುವವರು ಇದ್ದೇ ಇರುತ್ತಾರೆ. ಮುಂದಿನ ವರ್ಷಗಳಲ್ಲಿ ಬಾಟ್‌ಗಳು ಮತ್ತೆ ಬಂದವು, ಕೆಲವು ಬಣ್ಣ ಓದುವ ಹಳೆಯ ಪದ್ಧತಿಗೇ ಮರಳಿದವು. ಬಣ್ಣ ಓದುವ ಬಾಟ್ ಕ್ಲೈಂಟನ್ನು ಮುಟ್ಟುವುದೇ ಇಲ್ಲ, ಹಾಗಾಗಿ ಕ್ಲೈಂಟಿನ ಕಾವಲಿಗೆ ಸಿಗುವುದೂ ಇಲ್ಲ.

ನ್ಯಾಯಾಲಯದ ದಾರಿ ಎಷ್ಟು ನಿಧಾನ ಎಂಬುದಕ್ಕೂ ಇಲ್ಲೊಂದು ನಿದರ್ಶನವಿದೆ. ಐಬಾಟ್ ಎಂಬ ತಂತ್ರಾಂಶ ಮಾರುತ್ತಿದ್ದ ಇಂಪಲ್ಸ್ ಸಾಫ್ಟ್‌ವೇರ್ ಮೇಲೆ ಜ್ಯಾಗೆಕ್ಸ್ ಅಮೆರಿಕದ ಮ್ಯಾಸಚೂಸೆಟ್ಸ್ ಫೆಡರಲ್ ಕೋರ್ಟಿನಲ್ಲಿ ದಾವೆ ಹೂಡಿತ್ತು. 2010ರಲ್ಲಿ ಕೋರ್ಟು ತಾತ್ಕಾಲಿಕ ತಡೆಯಾಜ್ಞೆಯನ್ನು ನಿರಾಕರಿಸಿತು. ವ್ಯಾಜ್ಯ ನಡೆಯುವಷ್ಟು ಕಾಲವೂ ಬಾಟ್ ಓಡುತ್ತಿರುತ್ತದೆ.

2012ರ ನವೆಂಬರ್‌ನಲ್ಲಿ ಬಂದ ಬಾಟನಿ ಬೇ ಬೇರೆಯೇ ಬಗೆಯದು: ಸಿಕ್ಕಿಬಿದ್ದ ಬಾಟ್ ಖಾತೆಗಳನ್ನು ಆಟದೊಳಗಿನ ಕಟಕಟೆಯಲ್ಲಿ ನಿಲ್ಲಿಸಿ, ಯಾವ ಶಿಕ್ಷೆ ಎಂದು ಆಟಗಾರರೇ ಆರಿಸುವ ಪ್ರಹಸನ. ತಡೆಯುವ ಶಕ್ತಿ ಅದಕ್ಕಿರಲಿಲ್ಲ. ಆದರೂ ಕ್ರಮ ಆಗುತ್ತಿದೆ ಎಂಬುದು ಪ್ರಾಮಾಣಿಕರ ಕಣ್ಣಿಗೆ ಬಿತ್ತು. ದೂರು ಕೊಟ್ಟು ಏನಾಯಿತೆಂದು ತಿಳಿಯದೆ ಬೇಸತ್ತವರು ದೂರು ಕೊಡುವುದನ್ನೇ ಬಿಡುತ್ತಾರೆ ಎಂಬುದನ್ನು ಬಲ್ಲವರಿಗೆ ಇದು ಹಾಸ್ಯವೆಂದು ಅನಿಸದು.

ಬಾಂಡ್: ಗಿರಾಕಿಯನ್ನೇ ಕಿತ್ತುಕೊಳ್ಳುವ ಪ್ರಯತ್ನ

2013ರ ಸೆಪ್ಟೆಂಬರ್‌ನಲ್ಲಿ ರೂನ್‌ಸ್ಕೇಪ್‌ಗೆ ಬಾಂಡ್ ಬಂತು. ದುಡ್ಡು ಕೊಟ್ಟು ಕಂಪನಿಯಿಂದ ಬಾಂಡ್ ಕೊಂಡು ಗ್ರ್ಯಾಂಡ್ ಎಕ್ಸ್‌ಚೇಂಜ್‌ನಲ್ಲಿ ಚಿನ್ನಕ್ಕೆ ಮಾರಬಹುದು. ಚಿನ್ನ ಕೊಟ್ಟು ಕೊಂಡವನು ಅದನ್ನು 14 ದಿನದ ಚಂದಾ ಆಗಿ ಬಳಸಬಹುದು. ಐಸ್‌ಲ್ಯಾಂಡಿನ ಈವ್ ಆನ್‌ಲೈನ್ ಆಟ ಪ್ಲೆಕ್ಸ್ ಹೆಸರಿನಲ್ಲಿ ಇದೇ ಕಲ್ಪನೆಯನ್ನು 2008ರಲ್ಲೇ ತಂದಿತ್ತು. ಒಮ್ಮೆ ಮಾರಾಟವಾದ ಬಾಂಡನ್ನು ಹಾಗೆಯೇ ಮತ್ತೆ ಮಾರಲು ಬಿಟ್ಟಿಲ್ಲ. ಮಾರಬಲ್ಲದ್ದಾಗಿ ಮಾಡಲು ಬೆಲೆಯ ಶೇಕಡಾ 10 ಶುಲ್ಕ ತೆರಬೇಕು. ಬಾಂಡನ್ನೇ ಕಳ್ಳಸಂತೆಯ ಕರೆನ್ಸಿಯಾಗಿ ಬಳಸದಂತೆ ಹಾಕಿದ ಗಂಟು ಅದು.

ಹಳೆಯ ರೂಪದ ಆಟ, ಓಲ್ಡ್ ಸ್ಕೂಲ್, 2007ರ ಆಗಸ್ಟ್‌ನ ಬ್ಯಾಕಪ್‌ನಿಂದ ಎದ್ದು 2013ರ ಫೆಬ್ರವರಿಯಲ್ಲಿ ಶುರುವಾಯಿತು. ಆ ಬ್ಯಾಕಪ್ ಗ್ರ್ಯಾಂಡ್ ಎಕ್ಸ್‌ಚೇಂಜ್‌ಗೂ ಮಿತಿಗಳಿಗೂ ಮುಂಚಿನದು. ಅಲ್ಲಿ 2015ರ ಫೆಬ್ರವರಿಯಲ್ಲಿ ಗ್ರ್ಯಾಂಡ್ ಎಕ್ಸ್‌ಚೇಂಜ್, ಮಾರ್ಚ್ ಕೊನೆಯಲ್ಲಿ ಬಾಂಡ್ ಬಂದವು. ಇಲ್ಲೂ ಮಾರುಕಟ್ಟೆ ಮೊದಲು.

ಬಾಂಡ್‌ನಿಂದ ಎರಡು ಲಾಭ ಖಚಿತ. ಚಿನ್ನ ಬೇಕೇಬೇಕು ಎನ್ನುವ, ಆದರೆ ಖಾತೆ ಕಳೆದುಕೊಳ್ಳಲು ಹೆದರುವ ಗಿರಾಕಿಗೆ ಸಕ್ರಮ ದಾರಿ ಸಿಕ್ಕಿತು. ಕದ್ದ ಕಾರ್ಡ್‌ನಿಂದ ಚಂದಾ ಕಟ್ಟುವ ಅಗತ್ಯವೂ ಮಾರಾಟಗಾರನಿಗೆ ಕಡಿಮೆಯಾಯಿತು. ಈ ಎರಡನೆಯದರಲ್ಲೇ ತೊಡಕಿದೆ: ಬಾಟ್ ತನ್ನ ಚಂದಾವನ್ನು ತಾನೇ ದುಡಿದುಕೊಳ್ಳಬಲ್ಲದು. ಕಾರ್ಡ್ ಬೇಡ, ಬ್ಯಾಂಕ್ ಬೇಡ. ಹಾಗಾಗಿ ಬಾಟ್ ನಿಲ್ಲುವುದೋ ಬಿಡುವುದೋ ಎಂಬುದು ಈಗ ಶುದ್ಧ ಲೆಕ್ಕದ ಮಾತು.

ಲೆಕ್ಕಕ್ಕೆಂದು ಒಂದಿಷ್ಟು ಅಂಕಿ ಹಿಡಿದುಕೊಳ್ಳೋಣ. ಬಾಂಡ್ ಬೆಲೆ 60 ಲಕ್ಷ ನಾಣ್ಯ. ಬಾಟ್ ಗಂಟೆಗೆ 2 ಲಕ್ಷ ದುಡಿಯುತ್ತದೆ, ದಿನಕ್ಕೆ 20 ಗಂಟೆ ಓಡುತ್ತದೆ. ಆ ಕೆಲಸ ಮಾಡುವ ಮಟ್ಟಕ್ಕೆ ಖಾತೆಯನ್ನು ತರಲು 40 ಗಂಟೆ ತರಬೇತಿ ಬೇಕು, ಆಗ ಗಳಿಕೆಯಿಲ್ಲ. ಬಾಂಡ್ ವೆಚ್ಚ ತೀರಿಸಲು 30 ಗಂಟೆ. ಅಂದರೆ 70 ಗಂಟೆ ದಾಟಿದ ಮೇಲಷ್ಟೇ ಲಾಭ. 14 ದಿನ, ಅಂದರೆ 280 ಗಂಟೆ ಬದುಕಿದರೆ 240 ಗಂಟೆಯ ಗಳಿಕೆ 480 ಲಕ್ಷ, ಬಾಂಡ್ ಕಳೆದು 420 ಲಕ್ಷ ಲಾಭ. 60ನೇ ಗಂಟೆಗೆ ಬ್ಯಾನ್ ಬಿದ್ದರೆ 20 ಲಕ್ಷ ನಷ್ಟ. ಈ ಲೆಕ್ಕ ಬರೆದುನೋಡಿದರೆ ಗುರಿ ತಾನಾಗಿ ಗೋಚರಿಸುತ್ತದೆ. ಬಾಟ್‌ಗಳನ್ನೆಲ್ಲ ಹಿಡಿಯಬೇಕಿಲ್ಲ, ಖಾತೆಯ ಸರಾಸರಿ ಆಯಸ್ಸನ್ನು 70 ಗಂಟೆಗಿಂತ ಕೆಳಗಿಳಿಸಬೇಕು. ಇಲ್ಲವೇ ಆ 70ನ್ನು 150ಕ್ಕೆ ಏರಿಸಬೇಕು, ಅಂದರೆ ಹೆಚ್ಚು ಗಳಿಕೆಯ ಜಾಗಗಳಿಗೆ ಪ್ರವೇಶಿಸಲು ಹೆಚ್ಚು ತಯಾರಿ ಬೇಡಬೇಕು. ಹೊಸದಾಗಿ ಸೇರಿಸಿದ ರಾಕ್ಷಸ ಕಡಿಮೆ ತಯಾರಿಗೆ ಕೈತುಂಬ ಗಳಿಕೆ ಕೊಡುವಂತಿದ್ದರೆ ಬಾಟ್‌ಗಳಿಗೆ ಆಹ್ವಾನ ಕೊಟ್ಟಂತೆ. ಆಟದ ವಿನ್ಯಾಸ ಮಾಡುವವರ ಮೇಜಿಗೆ ಈ ಕೋಷ್ಟಕ ಹೋಗದಿದ್ದರೆ ಪತ್ತೆದಾರರು ಎಷ್ಟು ಓಡಿದರೂ ಸಾಲದು.

ಓಲ್ಡ್ ಸ್ಕೂಲ್‌ನಲ್ಲಿ ಉಳಿದುಬಂದ ಮಿತಿಗಳು

2008ರ ಮಿತಿ ಎಲ್ಲರ ಮೇಲೂ ಬಿದ್ದಿತ್ತು. ಓಲ್ಡ್ ಸ್ಕೂಲ್‌ನಲ್ಲಿ ಅದೇ ಕಲ್ಪನೆ ಹೊಸ ಉಚಿತ ಖಾತೆಗಳ ಮೇಲೆ ಮಾತ್ರ ಬೀಳುತ್ತದೆ: 20 ಗಂಟೆ ಆಟ, 10 ಕ್ವೆಸ್ಟ್ ಅಂಕ, ಒಟ್ಟು ಮಟ್ಟ 100 ಆಗುವವರೆಗೆ ವಹಿವಾಟಿಗೆ ನಿರ್ಬಂಧ. ಪ್ರಾಮಾಣಿಕ ಹೊಸಬನಿಗೆ ಇದು ಗೊತ್ತೇ ಆಗದೆ ದಾಟಿಹೋಗುತ್ತದೆ. ಸಾವಿರ ಖಾತೆ ಓಡಿಸುವವನಿಗೆ ಅದೇ 20 ಸಾವಿರ ಗಂಟೆ. ನಮ್ಮ ದೃಷ್ಟಿಯಲ್ಲಿ ಇಡೀ ಪ್ರಕರಣದಲ್ಲಿ ಅನುಕರಿಸಲು ಯೋಗ್ಯವಾದ ಒಂದೇ ಕ್ರಮ ಆರಿಸಬೇಕೆಂದರೆ ಇದೇ.

2021ರ ಡಿಸೆಂಬರ್‌ನಲ್ಲಿ ಗ್ರ್ಯಾಂಡ್ ಎಕ್ಸ್‌ಚೇಂಜ್ ಮಾರಾಟಕ್ಕೆ ಶೇಕಡಾ 1 ತೆರಿಗೆ ಬಂತು, ಸಂಗ್ರಹದ ಒಂದು ಭಾಗದಿಂದ ವಸ್ತುಗಳನ್ನು ಕೊಂಡು ಆಟದಿಂದ ಅಳಿಸುವ ವ್ಯವಸ್ಥೆಯೊಂದಿಗೆ. ಮೇಲಿನ ಲೆಕ್ಕದಲ್ಲಿ ಆ ಶೇಕಡಾ 1 ಬಾಟ್‌ನ ಗಂಟೆಯ ಗಳಿಕೆಯಿಂದ 2,000 ಕಳೆಯುತ್ತಿತ್ತು, ಅಷ್ಟೇ. ಅದರಿಂದ ಬಾಟ್ ಓಡಿಹೋಗದು. ಬಾಟ್‌ಗಳು ಸುರಿದು ಹೋದ ಸಾಮಾನನ್ನು ಗುಡಿಸಲು ಮಾತ್ರ ಅದು ಉಪಯುಕ್ತ. 2022ರಲ್ಲಿ ಡ್ಯುಯೆಲ್ ಅರೀನಾವನ್ನು ಮುಚ್ಚಿ, ಪಣ ಕಟ್ಟಲಾಗದ ಅಖಾಡವನ್ನು ತಂದರು. ಪಣ ಸೋತಂತೆ ನಟಿಸಿ ಚಿನ್ನ ದಾಟಿಸುವ, ಜೂಜಿನಲ್ಲಿ ಕಳೆದುಕೊಂಡವರು ಮತ್ತೆ ಚಿನ್ನ ಕೊಳ್ಳಲು ಓಡುವ ಜಾಗ ಅದಾಗಿತ್ತು.

ಪತ್ತೆಯ ಕೆಲಸದಲ್ಲಿ ಎಲ್ಲಿ ನೋಡಬೇಕು

ನಡವಳಿಕೆಯಿಂದ ಬಾಟ್ ಹಿಡಿಯುವವರು ಸಾಮಾನ್ಯವಾಗಿ ಕ್ಲಿಕ್‌ಗಳ ನಡುವಿನ ಸಮಯ, ಮೌಸ್ ಸಾಗಿದ ಗೆರೆ, ಎಚ್ಚರವಿದ್ದ ಗಂಟೆಗಳು, ಪದೇ ಪದೇ ತುಳಿದ ಅದೇ ಚೌಕಗಳನ್ನು ನೋಡುತ್ತಾರೆ. ಸ್ಕ್ರಿಪ್ಟ್ ಬರೆಯುವವನಿಗೆ ಇವೆಲ್ಲಕ್ಕೂ ಸ್ವಲ್ಪ ಯಾದೃಚ್ಛಿಕತೆ ಬೆರೆಸುವುದು ಗೊತ್ತು. ಅವನಿಗೆ ಬದಲಿಸಲಾಗದ್ದು ಒಂದೇ: ಚಿನ್ನ ಎಲ್ಲಿಂದ ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಹೋಗಬೇಕು. ಪ್ರತಿ ವರ್ಗಾವಣೆಗೆ ಕೊಟ್ಟವರು, ಪಡೆದವರು, ಎರಡೂ ಕಡೆಯ ಬೆಲೆ, ದಾರಿ, ಸಮಯ, ಎರಡೂ ಖಾತೆಗಳ ವಯಸ್ಸು ದಾಖಲಾಗಿರಬೇಕು. ಅದರಿಂದ ಜಾಲ ಬರೆದರೆ ಮ್ಯೂಲ್ ಎದ್ದು ಕಾಣುತ್ತದೆ: ನೂರಾರು ಎಳೆಯ ಖಾತೆಗಳಿಂದ ಬದಲಿಗೆ ಏನೂ ಇಲ್ಲದೆ ಬರುವ ಚಿನ್ನ, ಆಟವನ್ನೇ ಆಡದ ಒಂದು ಖಾತೆ, ಅಲ್ಲಿಂದ ಪರಸ್ಪರ ಸಂಬಂಧವಿಲ್ಲದ ಹಳೆಯ ಖಾತೆಗಳಿಗೆ ದುಂಡು ಮೊತ್ತಗಳಲ್ಲಿ ಹೊರಹರಿವು. ಮ್ಯೂಲ್ ಸಿಕ್ಕರೆ ಹಿಂದಕ್ಕೆ ನಡೆದು ಬಾಟ್ ಪಡೆಯನ್ನೂ, ಮುಂದಕ್ಕೆ ನಡೆದು ಗಿರಾಕಿಗಳನ್ನೂ ಒಟ್ಟಿಗೆ ಹಿಡಿಯಬಹುದು, ಜೊತೆಗೆ ದಾಸ್ತಾನೂ ಹೋಗುತ್ತದೆ. ದುಡಿಯುವ ಖಾತೆ ಹೋದರೆ ಕೆಲವು ಗಂಟೆಯ ಗಳಿಕೆ ಹೋದಂತೆ. ದಾಸ್ತಾನು ಖಾತೆ ಹೋದರೆ ಬಂಡವಾಳವೇ ಹೋಗುತ್ತದೆ.

ಬ್ಯಾನ್ ಯಾವಾಗ ಹಾಕಬೇಕೆಂಬುದೂ ಇದರಿಂದಲೇ ತೀರ್ಮಾನವಾಗುತ್ತದೆ. ಸಿಕ್ಕ ಕ್ಷಣವೇ ಹಾಕಿದರೆ ಯಾವ ತಪ್ಪಿಗೆ ಸಿಕ್ಕೆನೆಂದು ಸ್ಕ್ರಿಪ್ಟ್ ಬರೆದವನಿಗೆ ಗೊತ್ತಾಗುತ್ತದೆ, ನಾಳೆಗೆ ತಿದ್ದುತ್ತಾನೆ. ತಿಂಗಳುಗಟ್ಟಲೆ ಕೂಡಿಟ್ಟು ಅಲೆಯಾಗಿ ಹಾಕಿದರೆ ಅಷ್ಟು ಕಾಲ ಅವನು ದುಡಿದಿರುತ್ತಾನೆ. ಸ್ವಂತಕ್ಕೆ ಬಾಟ್ ಓಡಿಸುವವರಿಗೆ ಅಲೆ ಸರಿ, ಅವರು ಕಳೆದುಕೊಳ್ಳುವುದು ವರ್ಷಗಳ ಖಾತೆಯನ್ನು. ಮಾರಾಟದ ಪಡೆಗೆ ಮಾತ್ರ ಮ್ಯೂಲ್‌ಗೆ ಚಿನ್ನ ದಾಟುವ ಹೊತ್ತಿಗೆ ವರ್ಗಾವಣೆಯನ್ನೇ ತಡೆಹಿಡಿದು ನಂತರ ಬ್ಯಾನ್ ಮಾಡುವುದು ಒಳ್ಳೆಯದು.

ಗಿರಾಕಿಗಳ ವಿಷಯದಲ್ಲಿ ಕಂಪನಿಗಳು ಹಿಂಜರಿಯುತ್ತವೆ, ಏಕೆಂದರೆ ಅವರು ಚಂದಾ ಕಟ್ಟುವ ಹಳೆಯ ಆಟಗಾರರು. ಕೊಂಡ ಚಿನ್ನವನ್ನಷ್ಟೂ ವಾಪಸ್ ತೆಗೆದು, ಮೊದಲ ಬಾರಿಗೆ ಕೆಲವು ದಿನ ಖಾತೆ ತಡೆದರೆ ಸಾಕು. ಕೊಟ್ಟ ದುಡ್ಡು ಹೋಯಿತು, ಚಿನ್ನವೂ ಹೋಯಿತು ಎಂಬ ಸುದ್ದಿ ತಾನೇ ಹರಡುತ್ತದೆ. ಚಿನ್ನವನ್ನು ಖರ್ಚು ಮಾಡಿ ಮುಗಿಸಿದ್ದರೆ ಖಾತೆಯನ್ನು ಋಣದಲ್ಲಿ ಇಡಬೇಕಾಗುತ್ತದೆ, ಆ ಸೌಲಭ್ಯ ಸರ್ವರ್‌ನಲ್ಲಿ ಮೊದಲೇ ಇರಬೇಕು.

ತಪ್ಪು ಬ್ಯಾನ್‌ಗೆ ಹೆಚ್ಚು ಗುರಿಯಾಗುವವರು ಯಂತ್ರದಂತೆ ದುಡಿಯುವ ಮನುಷ್ಯರು. 2017ರ ಹೊತ್ತಿಗೆ ವೆನೆಜುವೆಲಾದ ಆರ್ಥಿಕ ಕುಸಿತದಲ್ಲಿ ಅಲ್ಲಿನ ಅನೇಕರು ಓಲ್ಡ್ ಸ್ಕೂಲ್‌ನಲ್ಲಿ ಹಸಿರು ಡ್ರ್ಯಾಗನ್‌ಗಳನ್ನು ಕೊಂದು, ಚಿನ್ನ ಮಾರಿ ಹೊಟ್ಟೆ ಹೊರೆದುಕೊಳ್ಳುತ್ತಿದ್ದರು. ಅವರನ್ನು ಹುಡುಕಿ ಕೊಲ್ಲುವುದು ಹೇಗೆಂಬ ಕೈಪಿಡಿಯನ್ನೂ ಕೆಲವು ಆಟಗಾರರು ಬರೆದು ಹಂಚಿದರು. ದಿನಕ್ಕೆ ಹತ್ತು ಹನ್ನೆರಡು ಗಂಟೆ ಅದೇ ಜಾಗ, ಅದೇ ದಾರಿ, ಒಂದೇ ಸಂಪರ್ಕದ ಹಿಂದೆ ಹಲವು ಖಾತೆಗಳು: ಬಾಟ್ ಪತ್ತೆಯ ಯಾವ ಅಳತೆಗೂ ಅವರು ಸಿಗುತ್ತಾರೆ, ಆದರೂ ಬಾಟ್ ಅಲ್ಲ. ಚಿನ್ನ ಮಾರುವುದು ನಿಯಮದ ಪ್ರಕಾರ ತಪ್ಪೇ, ಅದಕ್ಕೆ ವರ್ಗಾವಣೆಯ ದಾಖಲೆಯೇ ಸಾಕ್ಷಿ ಹೇಳಬೇಕು. ಬಾಟ್ ಎಂಬ ಆರೋಪ ಹೊರಿಸಿ ಬ್ಯಾನ್ ಮಾಡಿದರೆ ಮೇಲ್ಮನವಿಯಲ್ಲಿ ಆ ಆರೋಪ ನಿಲ್ಲುವುದಿಲ್ಲ, ಅದೇ ಅಳತೆಗೆ ಸಿಕ್ಕ ನಿರಪರಾಧಿಯ ಮನವಿಯೂ ಅದೇ ರಾಶಿಯಲ್ಲಿ ಕೂತಿರುತ್ತದೆ. ಆದ್ದರಿಂದ ಎರಡು ಅಪರಾಧಗಳಿಗೆ ಎರಡು ಬೇರೆ ಗುರುತುಸಂಕೇತ, ಎರಡು ಬೇರೆ ಸಾಕ್ಷ್ಯಪಟ್ಟಿ ಇಡಬೇಕು. ಮೇಲ್ಮನವಿ ನೋಡುವವರು ಬ್ಯಾನ್ ಹಾಕಿದವರೇ ಆಗಿರಬಾರದು, ಮತ್ತು ಅವರ ಕೈಗೆ ಸಿಗುವ ಖಾತೆಗಳ ಚಿನ್ನದ ಚಲನೆಯೂ ಉಳಿದವರದ್ದರಂತೆಯೇ ದಾಖಲಾಗಬೇಕು.